ಬ್ರಾಯ್ಲರ್ (ಮಾಂಸದ ಕೋಳಿ) ಸ್ಟಾರ್ಟರ್ ಫೀಡಿಗೆ, ಅಂದರೆ ಮರಿಗಳ ಮೊದಲ ಹಂತದ ಆಹಾರಕ್ಕೆ, ಪ್ರೋಟೀನ್ ಶೇ. 23 ಬಂದರೆ ಸಾಕೇ?

ಮದ್ದೂರು ಫಾರಂ: ಒಪ್ಪಂದದ ಸಾಕಣೆಯವರಿಗೆ ಕಂಪನಿಯ ಮೂಟೆಯೇ ಬರುತ್ತೆ. ಈ ಪ್ರಶ್ನೆ ಫೀಡನ್ನ ತಾವೇ ಮಿಕ್ಸ್ ಮಾಡೋರಿಗೆ. 100 ಕೆಜಿ ಸ್ಟಾರ್ಟರ್‌ಗೆ ಮುಸುಕಿನ ಜೋಳ 52, ಸೋಯಾ ಹಿಂಡಿ 28, ಎಣ್ಣೆ ತೆಗೆದ ಕಡ್ಲೆಕಾಯಿ ಹಿಂಡಿ 14. ಉಳಿದ 6 ಕೆಜಿಯಲ್ಲಿ ಎಣ್ಣೆ, ಡಿಸಿಪಿ (ಡೈಕ್ಯಾಲ್ಸಿಯಂ ಫಾಸ್ಫೇಟ್), ಸುಣ್ಣಕಲ್ಲಿನ ಪುಡಿ, 300 ಗ್ರಾಂ ಉಪ್ಪು, ಪ್ರೀಮಿಕ್ಸ್ (ವಿಟಮಿನ್, ಖನಿಜದ ಮಿಶ್ರಣ). ಪ್ರೋಟೀನ್ 23ರ ಮೇಲೇ ಬರುತ್ತೆ. ಆದರೂ 3ನೇ ವಾರಕ್ಕೆ ಕೋಳಿಗಳ ತೂಕ ಒಂದೇ ಸಮ ಇಲ್ಲ, ಬೆನ್ನ ಮೇಲೆ ಪುಕ್ಕ ತುಂಬಿಲ್ಲ, ನೆಲಕ್ಕೆ ಹಾಸಿದ ಹೊಟ್ಟು ಒದ್ದೆ. ಕಡ್ಲೆಕಾಯಿ ಹಿಂಡಿ ಇನ್ನೂ 3 ಕೆಜಿ ಏರಿಸಿದರೆ ಸರಿಹೋಗುತ್ತಾ?

ಹಿಂಡಿ ಲೆಕ್ಕ: ಏರಿಸಬೇಡಿ ಅಣ್ಣ, ಇನ್ನೂ ಕೆಡುತ್ತೆ. ಕೋಳಿಗೆ ಬೇಕಾಗಿರೋದು ಪ್ರೋಟೀನ್ ಅನ್ನೋ ಅಂಕಿ ಅಲ್ಲ, ಅದನ್ನ ಕಟ್ಟಿರೋ ಅಮೈನೋ ಆಮ್ಲಗಳು. ಎರಡು ಹಿಂಡಿಯಲ್ಲೂ ಪ್ರೋಟೀನ್ ಸುಮಾರು 45. ಆದರೆ ಲೈಸಿನ್ ಅನ್ನೋ ಅಮೈನೋ ಆಮ್ಲ ಸೋಯಾದಲ್ಲಿ ಶೇ. 2.8, ಕಡ್ಲೆಕಾಯಿ ಹಿಂಡಿಯಲ್ಲಿ ಹೆಚ್ಚೂಕಮ್ಮಿ 1.5. ಅಂದರೆ ಆ 14 ಕೆಜಿಯ ಜಾಗದಲ್ಲಿ ಸೋಯಾ ಇದ್ದಿದ್ದರೆ 100 ಕೆಜಿ ಫೀಡಿಗೆ 182 ಗ್ರಾಂ ಲೈಸಿನ್ ಜಾಸ್ತಿ ಸಿಗುತ್ತಿತ್ತು, ಪ್ರೋಟೀನ್ ಮಾತ್ರ ಅಷ್ಟೇ ಇರುತ್ತಿತ್ತು. ಕೋಳಿ ಬಳಸಿಕೊಳ್ಳಲಾಗದೆ ಉಳಿದ ಅಮೈನೋ ಆಮ್ಲ ಯೂರಿಕ್ ಆಮ್ಲವಾಗಿ ಹೊರಗೆ ಹೋಗುತ್ತೆ. ಅದನ್ನ ಹೊರಹಾಕೋಕೆ ಕೋಳಿ ನೀರು ಜಾಸ್ತಿ ಕುಡಿಯುತ್ತೆ. ಹೊಟ್ಟು ಒದ್ದೆಯಾಗೋದು, ಶೆಡ್ಡಲ್ಲಿ ಅಮೋನಿಯಾ ಕಣ್ಣಿಗೆ ಹೊಡೆಯೋದು ಎಲ್ಲಾ ಅಲ್ಲಿಂದ.

ನಂಜನಗೂಡು ಜೋಳ: ಲೈಸಿನ್ ಕಮ್ಮಿ ಅಂತ ಹೇಗೆ ಹೇಳ್ತೀರಿ? ಜೋಳದಿಂದ 130 ಗ್ರಾಂ, ಸೋಯಾದಿಂದ 784, ಕಡ್ಲೆಕಾಯಿಯಿಂದ 210. ಕೂಡಿದರೆ 1,124 ಗ್ರಾಂ, ಅಂದರೆ ಶೇ. 1.12. ಅಮೆರಿಕದ ಎನ್‌ಆರ್‌ಸಿ (ರಾಷ್ಟ್ರೀಯ ಸಂಶೋಧನಾ ಮಂಡಳಿ) 1994ರ ಕೋಳಿ ಆಹಾರದ ಪಟ್ಟಿಯಲ್ಲಿ ಮೊದಲ 3 ವಾರಕ್ಕೆ ಕೇಳಿರೋದೇ 1.10.

ಮಳವಳ್ಳಿ ಪಶುವೈದ್ಯ: ಲೆಕ್ಕ ಸರಿ, ಪಟ್ಟಿ ಹಳೆಯದು. ಆ ಅಂಕಿಗಳು ಅಂದಿನ ಕೋಳಿಗಳ ಮೇಲೆ ನಡೆದ ಪ್ರಯೋಗಗಳಿಂದ ಬಂದವು. ಇವತ್ತಿನ ತಳಿ ಅವಕ್ಕಿಂತ ಬೇಗ ಬೆಳೆಯುತ್ತೆ, ಎದೆಮಾಂಸವೂ ಹೆಚ್ಚು. ತಳಿ ಕಂಪನಿಗಳು ಈಗ ಕೊಡೋದು ಜೀರ್ಣವಾಗುವ ಲೈಸಿನ್ ಲೆಕ್ಕ: ಸ್ಟಾರ್ಟರ್‌ಗೆ 1.22ರಿಂದ ಮೇಲೆ, ನಡುವಿನ ಹಂತದ ಗ್ರೋವರ್‌ಗೆ 1.12ರಿಂದ ಮೇಲೆ, ಕೊನೆಯ ಹಂತದ ಫಿನಿಷರ್‌ಗೆ 1.02ರಿಂದ ಮೇಲೆ. ಸೋಯಾದ ಲೈಸಿನ್ ಶೇ. 90ರ ಹತ್ತಿರ ಜೀರ್ಣವಾಗುತ್ತೆ, ಕಡ್ಲೆಕಾಯಿಯದು 80 ಮುಟ್ಟೋದೂ ಕಷ್ಟ. ಆ ಪ್ರಕಾರ ಮೇಲಿನ ಮಿಶ್ರಣದಲ್ಲಿ ಕೋಳಿಗೆ ದಕ್ಕೋದು 0.98ರಷ್ಟೇ.

ಇನ್ನೊಂದು ಮಾತು. ಇಲ್ಲಿ ಎಲ್ಲಕ್ಕಿಂತ ಮೊದಲು ಕೊರತೆ ಬೀಳೋದು ಲೈಸಿನ್ ಅಲ್ಲ, ಮೆಥಿಯೋನಿನ್ ಅನ್ನೋ ಇನ್ನೊಂದು ಅಮೈನೋ ಆಮ್ಲ. ಪುಕ್ಕ ಆಗಿರೋದು ಕೆರಾಟಿನ್ ಅನ್ನೋ ಪ್ರೋಟೀನಿಂದ, ಅದಕ್ಕೆ ಸಿಸ್ಟೀನ್ ಅನ್ನೋ ಅಮೈನೋ ಆಮ್ಲ ಬೇಕು, ಸಿಸ್ಟೀನ್ ಸಾಲದಿದ್ದರೆ ಕೋಳಿ ಮೆಥಿಯೋನಿನ್ ಖರ್ಚು ಮಾಡಿ ಅದನ್ನ ಮಾಡಿಕೊಳ್ಳುತ್ತೆ. ಬೆನ್ನ ಮೇಲೆ ಪುಕ್ಕ ತುಂಬಿಲ್ಲ ಅಂದಾಗ ನಾನು ಮೊದಲು ನೋಡೋದು ಅದನ್ನೇ.

ಹಿಂಡಿ ಲೆಕ್ಕ: ಲೈಸಿನ್ 100 ಅಂತ ಇಟ್ಟುಕೊಂಡರೆ ಉಳಿದ ಅಮೈನೋ ಆಮ್ಲಗಳು ಈ ಪ್ರಮಾಣದಲ್ಲಿ ಇರಬೇಕು: ಮೆಥಿಯೋನಿನ್ ಮತ್ತು ಸಿಸ್ಟೀನ್ ಸೇರಿ 74, ಥ್ರಿಯೋನಿನ್ 66, ವ್ಯಾಲಿನ್ 75, ಆರ್ಜಿನಿನ್ 105. ಜೀರ್ಣವಾಗುವ ಲೈಸಿನ್ 1.22ಕ್ಕೆ ಹೊಂದಿಸಿದರೆ ಇದೇ 100 ಕೆಜಿಗೆ ಎಲ್-ಲೈಸಿನ್ ಹೈಡ್ರೋಕ್ಲೋರೈಡ್ 300 ಗ್ರಾಂ (ಅದರಲ್ಲಿ ನಿಜವಾದ ಲೈಸಿನ್ ಶೇ. 78 ಮಾತ್ರ), ಡಿಎಲ್-ಮೆಥಿಯೋನಿನ್ 320 ಗ್ರಾಂ, ಎಲ್-ಥ್ರಿಯೋನಿನ್ 130 ಗ್ರಾಂ ಬೇಕು. ಆರ್ಜಿನಿನ್ ಚಿಂತೆ ಬೇಡ, ಕಡ್ಲೆಕಾಯಿ ಹಿಂಡಿಯಲ್ಲಿ ಅದು ಧಾರಾಳ.

ನಂಜನಗೂಡು ಜೋಳ: ಸರಿ, ಒಪ್ಪಿದೆ. ಹಾಗಿದ್ದರೆ ಹಿಂಡಿಯನ್ನೇ ಇಳಿಸಿ, ಈ ಅಮೈನೋ ಆಮ್ಲದ ಪುಡಿಗಳನ್ನ ಹಾಕಿ, ಪ್ರೋಟೀನ್ 18ಕ್ಕೆ ತರಬಹುದಲ್ಲ? ಸೋಯಾ ಖರ್ಚು ಉಳಿಯುತ್ತೆ.

ಮಳವಳ್ಳಿ ಪಶುವೈದ್ಯ: ಸ್ಟಾರ್ಟರ್‌ನಲ್ಲಿ ಹಾಗೆ ಮಾಡಬೇಡಿ. ಲೈಸಿನ್, ಮೆಥಿಯೋನಿನ್, ಥ್ರಿಯೋನಿನ್ ಮೂರನ್ನ ತುಂಬಿದ ಮೇಲೆ ಮುಂದಿನ ಕೊರತೆ ವ್ಯಾಲಿನ್, ಐಸೋಲ್ಯೂಸಿನ್. ಸೋಯಾ ಇಳಿಸುತ್ತಾ ಹೋದರೆ ಆರ್ಜಿನಿನ್ ಕೂಡ ಇಳಿಯುತ್ತೆ. ಕೋಳಿಯ ದೇಹ ಅದನ್ನ ತಾನೇ ತಯಾರಿಸಿಕೊಳ್ಳಲಾರದು. ಜೊತೆಗೆ ಲೈಸಿನ್ ಅತಿಯಾದರೆ ಮೂತ್ರಪಿಂಡದಲ್ಲಿ ಆರ್ಜಿನಿನ್ ಒಡೆಯುವ ಕಿಣ್ವ ಚುರುಕಾಗುತ್ತೆ. ಮರಿಗೆ ಗ್ಲೈಸಿನ್ ಸಹ ಬೇಕು. 23ರಿಂದ 21.5ಕ್ಕೆ ಇಳಿಸಿ, ಅಮೈನೋ ಆಮ್ಲ ಸರಿದೂಗಿಸಿ, ಅಲ್ಲಿಗೆ ನಿಲ್ಲಿಸಿ.

ಉಪ್ಪಿನ ಲೆಕ್ಕ ಬಹಳ ಜನ ಮರೆಯೋದು. ಲೈಸಿನ್ ಪುಡಿಯಲ್ಲಿ ಶೇ. 19ರಷ್ಟು ಕ್ಲೋರೈಡ್ ಇರುತ್ತೆ. ಸೋಯಾ ಇಳಿದರೆ ಪೊಟ್ಯಾಸಿಯಂ ಕೂಡ ಇಳಿಯುತ್ತೆ. ಹಾಗಾಗಿ 300 ಗ್ರಾಂ ಲೈಸಿನ್ ಹಾಕಿದಾಗ ಉಪ್ಪನ್ನ 300ರಿಂದ 200 ಗ್ರಾಂಗೆ ಇಳಿಸಿ, ಹೋದ ಸೋಡಿಯಂಗೆ ಬದಲು 150 ಗ್ರಾಂ ಅಡುಗೆ ಸೋಡಾ ಸೇರಿಸಿ.

ಪಾಂಡವಪುರ ಶೆಡ್: ಏಪ್ರಿಲ್ ಬಿಸಿಲಿಗೆ ಈ ಶೇಕಡಾ ಲೆಕ್ಕ ಸಾಲಲ್ಲ ಕಣಣ್ಣ. ಕೋಳಿಗೆ ಬೇಕಾಗಿರೋದು ದಿನಕ್ಕೆ ಇಷ್ಟು ಗ್ರಾಂ ಅಂತ. ಸ್ಟಾರ್ಟರ್ ಹಂತ ದಾಟಿ ದಿನಕ್ಕೆ 100 ಗ್ರಾಂ ತಿನ್ನೋ ಕೋಳಿ, ಲೈಸಿನ್ ಶೇ. 1.05 ಇರೋ ಫೀಡಲ್ಲಿ 1.05 ಗ್ರಾಂ ಲೈಸಿನ್ ಪಡೆಯುತ್ತೆ. ಸೆಖೆಗೆ 90 ಗ್ರಾಂಗೆ ಇಳಿದರೆ ಅಷ್ಟೇ ಸಿಗೋಕೆ ಫೀಡಲ್ಲಿ 1.17 ಇರಬೇಕು.

ಹಿಂಡಿ ಲೆಕ್ಕ: ಪೂರ್ತಿ 1.17ಕ್ಕೆ ಏರಿಸೋದನ್ನ ನಾನು ಒಪ್ಪಲ್ಲ. ಸೆಖೆಯಲ್ಲಿ ಬೆಳವಣಿಗೆಯೇ ಇಳಿದಿರುತ್ತೆ, ಬೇಡಿಕೆಯೂ ಸ್ವಲ್ಪ ಇಳಿದಿರುತ್ತೆ. 1.10ರವರೆಗೆ ಹೋಗಿ, ಅದೂ ಪುಡಿಯಿಂದ. ಹಿಂಡಿಯಿಂದ ಏರಿಸಿದರೆ ಹೆಚ್ಚಾದ ಪ್ರೋಟೀನ್ ಕರಗಿಸುವಾಗ ಮೈಯೊಳಗೇ ಶಾಖ ಹುಟ್ಟುತ್ತೆ. ಶಕ್ತಿಗೆ ಜೋಳದ ಒಂದು ಭಾಗ ತೆಗೆದು ಎಣ್ಣೆ ಹಾಕಿ.

ಪಾಂಡವಪುರ ಶೆಡ್: ಎಣ್ಣೆ ವಿಷಯ ಒಪ್ಪುತ್ತೀನಿ. 1.10 ಸಾಲುತ್ತಾ ಅನ್ನೋದನ್ನ ಮಾತ್ರ ತೂಕ ಹಾಕಿ ನೋಡಿಯೇ ತೀರ್ಮಾನಿಸಬೇಕು.

ಮದ್ದೂರು ಫಾರಂ: ಸೋಯಾದ ಪ್ರೋಟೀನ್ ಲ್ಯಾಬ್ ರಿಪೋರ್ಟಲ್ಲಿ 46 ಬಂದಿದೆ. ಅದನ್ನ ನಂಬಬಹುದಾ?

ಮಳವಳ್ಳಿ ಪಶುವೈದ್ಯ: ಆ ಒಂದು ಅಂಕಿಯ ಮೇಲೆ ನಂಬಿಕೆ ಬೇಡ. ಲ್ಯಾಬ್ ಅಳೆಯೋದು ಸಾರಜನಕ, ಅದನ್ನ 6.25ರಿಂದ ಗುಣಿಸುತ್ತಾರೆ. ಯೂರಿಯಾ ಬೆರೆಸಿದರೂ ಅಂಕಿ ಏರುತ್ತೆ. ಹಿಂಡಿಯನ್ನ ನೀರಲ್ಲಿ ನೆನೆಸಿ, ಸೋಸಿ, ಆ ನೀರಿಗೆ ಒಂದು ಚಿಟಿಕೆ ಹಸಿ ಸೋಯಾ ಕಾಳಿನ ಪುಡಿ ಹಾಕಿ ಮುಚ್ಚಿಡಿ. ಅರ್ಧ ಗಂಟೆಯಲ್ಲಿ ಅಮೋನಿಯಾ ವಾಸನೆ ಬಂದು ಕೆಂಪು ಲಿಟ್ಮಸ್ ನೀಲಿಯಾದರೆ ಯೂರಿಯಾ ಇದೆ. ಹುರಿದ ಹಿಂಡಿಯಲ್ಲಿ ಯೂರಿಯೇಸ್ (ಯೂರಿಯಾ ಒಡೆದು ಅಮೋನಿಯಾ ಮಾಡುವ ಕಿಣ್ವ) ಸತ್ತಿರುತ್ತೆ, ಅದಕ್ಕೇ ಹಸಿ ಪುಡಿ ಬೇಕಾಗೋದು. ಲ್ಯಾಬಿಗೆ ಕಳಿಸುವಾಗ ಕೆಓಎಚ್ ಕರಗುವಿಕೆಯನ್ನೂ (ಕೆಓಎಚ್ ಕ್ಷಾರದಲ್ಲಿ ಪ್ರೋಟೀನ್ ಶೇಕಡಾ ಎಷ್ಟು ಕರಗುತ್ತೆ ಅನ್ನೋದು) ಕೇಳಿ. 75ರಿಂದ 85 ಇದ್ದರೆ ಸರಿ. 70ಕ್ಕಿಂತ ಕೆಳಗಿದ್ದರೆ ಹಿಂಡಿ ಅತಿ ಬೆಂದು ಲೈಸಿನ್ ಸಕ್ಕರೆಗೆ ಅಂಟಿಕೊಂಡಿದೆ, ಕೋಳಿಗೆ ದಕ್ಕಲ್ಲ. ಕಡ್ಲೆಕಾಯಿ ಹಿಂಡಿಗೆ ಅಫ್ಲಾಟಾಕ್ಸಿನ್ (ಬೂಷ್ಟಿನ ವಿಷ) ಪರೀಕ್ಷೆ ತಪ್ಪಿಸಲೇಬೇಡಿ. ಅದು ಬಂದಿದ್ದರೆ ಮೇಲಿನ ಯಾವ ಲೆಕ್ಕವೂ ನಿಲ್ಲಲ್ಲ.

ಹಿಂಡಿ ಲೆಕ್ಕ: ಪುಡಿಗಳನ್ನ ನೇರ ಮಿಕ್ಸರ್‌ಗೆ ಸುರಿಯಬೇಡಿ, ಒಂದು ಕಡೆ ಗುಡ್ಡೆಯಾಗಿ ನಿಲ್ಲುತ್ತೆ. ತೂಕ ಏರುಪೇರಾಗೋಕೆ ಅದೂ ಒಂದು ಕಾರಣ. ಗ್ರಾಂ ತೋರಿಸೋ ತಕ್ಕಡಿಯಲ್ಲಿ ತೂಗಿ, 5 ಕೆಜಿ ಜೋಳದ ಪುಡಿಯಲ್ಲಿ ಮೊದಲು ಬೆರೆಸಿಕೊಳ್ಳಿ. ಜೋಳ, ಹಿಂಡಿ ಅರ್ಧ ಬಿದ್ದ ಮೇಲೆ ಅದನ್ನ ಹಾಕಿ. ಎಣ್ಣೆ ಕೊನೆಗೆ.

ಪಾಂಡವಪುರ ಶೆಡ್: ಹೊಟ್ಟು ಒದ್ದೆ ಅಂತ ಫೀಡ್ ಬದಲಿಸೋ ಮುಂಚೆ ನೀರು ಕುಡಿಯೋ ನಿಪ್ಪಲ್ ಸೋರುತ್ತಿದೆಯಾ, ಹಿಕ್ಕೆಯಲ್ಲಿ ರಕ್ತ ಇದೆಯಾ ನೋಡಿ. ಕಾಕ್ಸಿ (ಕಾಕ್ಸಿಡಿಯೋಸಿಸ್ ಅನ್ನೋ ಕರುಳಿನ ರೋಗ) ಇದ್ದರೆ ಮೊದಲು ಅದಕ್ಕೆ ಔಷಧಿ. ಆಮೇಲೆ 50 ಮರಿಗಳನ್ನ ಬೇರೆ ಮಾಡಿ ಹೊಸ ಮಿಶ್ರಣ ಕೊಟ್ಟು, 7ನೇ ದಿನ, 14ನೇ ದಿನ ಒಂದೊಂದನ್ನೇ ತೂಗಿ, ಉಳಿದವುಗಳ ಜೊತೆ ಹೋಲಿಸಿ.