ಅಪ್‌ಡೇಟ್: ಮಗಳನ್ನ ಎಲ್ಲಿ ಬಿಡೋದು ಅಂತ ಕೇಳಿದ್ದೆನಲ್ಲ

ಹೋದ ತಿಂಗಳು ಕೇಳಿದ್ದು ನಾನೇ. ದಾವಣಗೆರೆಯಲ್ಲಿ ಎಂ.ಎ. ಓದ್ತಿದ್ದೀನಿ, ಮಗಳಿಗೆ ಎರಡು ವರ್ಷ, ಬೇಬಿ ಸಿಟ್ಟಿಂಗ್‌ನವರು ತಿಂಗಳಿಗೆ 4,000 ಕೇಳ್ತಾರೆ, ಓದೋ ತಾಯಂದಿರಿಗೆ ಸಹಾಯಧನ ಇದೆಯಾ ಅಂತ.

ಅಂಥ ಯೋಜನೆ ನನಗಂತೂ ಸಿಗಲಿಲ್ಲ. ಒಬ್ಬ ಅಕ್ಕ ವಿದ್ಯಾಸಿರಿ ನೋಡು ಅಂದಿದ್ರು, ನೋಡಿದೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗೆ ಊಟ-ವಸತಿಗೆ ತಿಂಗಳಿಗೆ ಇಷ್ಟು ಅಂತ 10 ತಿಂಗಳು ಕೊಡೋ ಯೋಜನೆ. ಅರ್ಜಿ ಹಾಕಿದ್ದೀನಿ. ಖಾತೆಗೆ ಆಧಾರ್ ಜೋಡಣೆ ಆಗಿಲ್ಲ ಅಂತ ಬ್ಯಾಂಕಿಗೆ ಮೂರು ಸಲ ಅಲೆದೆ, ದುಡ್ಡು ಇನ್ನೂ ಬಂದಿಲ್ಲ.

ನಿಜವಾಗಿ ಕೈ ಹಿಡಿದಿದ್ದು ನಮ್ಮೂರಿನ ಕೂಸಿನ ಮನೆ, ಅಂದ್ರೆ ಪಂಚಾಯ್ತಿಯವರು ಹಗಲಲ್ಲಿ ಚಿಕ್ಕ ಮಕ್ಕಳನ್ನ ನೋಡ್ಕೊಳ್ಳೋ ಜಾಗ. 2023-24ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯ್ತಿಗೆ ಅಂತ ಘೋಷಿಸಿದ್ರಲ್ಲ, ಅದೇ. ನರೇಗಾ ಕೆಲಸಕ್ಕೆ ಹೋಗೋರ ಮಕ್ಕಳಿಗೆ ಅಂದ್ಕೊಂಡು ನಾನು ಕೇಳೇ ಇರಲಿಲ್ಲ. ನಮ್ಮತ್ತೆ ಹತ್ರ ಜಾಬ್ ಕಾರ್ಡ್ ಇದೆ, ಅವರೇ ಪಂಚಾಯ್ತಿಗೆ ಹೋಗಿ ಮಾತಾಡಿ ಬಂದ್ರು. ನಾವು ದುಡ್ಡೇನೂ ಕೊಡಬೇಕಿಲ್ಲ. ನೋಡ್ಕೊಳ್ಳೋರೂ ನಮ್ಮೂರಿನವರೇ.

ಮೊದಲ ಮೂರು ದಿನ ಮಗಳು ನನ್ನ ಸೆರಗು ಮುಷ್ಟಿಯಲ್ಲಿ ಹಿಡ್ಕೊಂಡು ಬಿಡಲಿಲ್ಲ. ನಾಲ್ಕನೇ ದಿನ ಇನ್ನೊಂದು ಕೂಸಿನ ತಟ್ಟೆಯಿಂದ ಉಪ್ಪಿಟ್ಟು ಕಿತ್ಕೊಂಡು ತಿಂತಿದ್ಲಂತೆ. ಬಸ್ಸಿಗೆ ಹೆಂಗೂ ಶಕ್ತಿ ಯೋಜನೆ ಇದೆ, ಆ ಖರ್ಚಿಲ್ಲ.

ಒಂದೇ ತೊಡಕು: ನಾನು ಬರೋಷ್ಟರಲ್ಲಿ ಅದು ಮುಚ್ಚಿರುತ್ತೆ. ಅತ್ತೆ ಹೊಲದಿಂದ ಬರ್ತಾ ಕರ್ಕೊಂಡು ಬರ್ತಾರೆ. ಪರೀಕ್ಷೆ ವೇಳಾಪಟ್ಟಿ ಬಂದ್ಮೇಲೆ ಏನ್ಮಾಡೋದು, ನೋಡ್ಬೇಕು.