ಮೀನಿಲ್ಲದ ಸೈಕ್ಲಿಂಗ್: ನೈಟ್ರೈಟ್ ಇಳಿಯುತ್ತಿಲ್ಲ, ಪಿಎಚ್ 6ಕ್ಕೆ ಬಿದ್ದಿದೆ

ಪ್ರಶ್ನೆ:
ಮೀನು ಬಿಡುವ ಮೊದಲು ಸೈಕ್ಲಿಂಗ್ ಮಾಡುತ್ತಿದ್ದೇನೆ, ಅಂದರೆ ಅಮೋನಿಯಾವನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಆಗಿಸುವ ಬ್ಯಾಕ್ಟೀರಿಯಾ ಬೆಳೆಸುತ್ತಿದ್ದೇನೆ. 100 ಲೀಟರ್ ಟ್ಯಾಂಕ್, ಸ್ಪಾಂಜ್ ಫಿಲ್ಟರ್, ಹೀಟರ್ 28 ಡಿಗ್ರಿಯಲ್ಲಿದೆ. ಇವತ್ತಿಗೆ 24ನೇ ದಿನ. ಅಮೋನಿಯಂ ಕ್ಲೋರೈಡಿನಿಂದ 2 ಪಿಪಿಎಂ (ಲೀಟರಿಗೆ 2 ಮಿಲಿಗ್ರಾಂ) ಅಮೋನಿಯಾದ ಆರು ಡೋಸ್ ಕೊಟ್ಟಾಗಿದೆ. ಐದನೆಯದರವರೆಗೆ ಅಮೋನಿಯಾ ಸೊನ್ನೆಗೆ ಬರುತ್ತಿತ್ತು, ಆರನೆಯದು ಮೂರು ದಿನದಿಂದ 2ರಲ್ಲೇ ನಿಂತಿದೆ. ನೈಟ್ರೈಟ್ ಟೆಸ್ಟ್ ಕಡುನೇರಳೆ, 5ರ ಬಣ್ಣ. ಪಿಎಚ್ 7.4 ಇದ್ದದ್ದು ಈಗ 6.0, ಕಿಟ್ಟಿನಲ್ಲಿ ಅದಕ್ಕಿಂತ ಕೆಳಗೆ ಬಣ್ಣವೇ ಇಲ್ಲ. ನಲ್ಲಿ ನೀರಿನ ಕೆಎಚ್ (ಬೈಕಾರ್ಬೊನೇಟ್ ಎಷ್ಟಿದೆ ಎನ್ನುವ ಅಳತೆ) 3 ಡಿಗ್ರಿ. ಬ್ಯಾಕ್ಟೀರಿಯಾ ಸತ್ತವಾ? ಎಲ್ಲ ತೊಳೆದು ಮೊದಲಿಂದ ಶುರು ಮಾಡಬೇಕಾ?

ಉತ್ತರ 1:
ದಯವಿಟ್ಟು ತೊಳೆಯಬೇಡಿ. ಬ್ಯಾಕ್ಟೀರಿಯಾ ಸತ್ತಿಲ್ಲ, ಕೆಎಚ್ ಖಾಲಿಯಾಗಿದೆ. ಅಮೋನಿಯಾ ನೈಟ್ರೈಟ್ ಆಗುವಾಗ ಆಮ್ಲ ಹುಟ್ಟುತ್ತದೆ, ಅದನ್ನು ತಡೆಯುವುದು ನೀರಿನ ಬೈಕಾರ್ಬೊನೇಟ್. 2 ಪಿಪಿಎಂನ ಒಂದು ಡೋಸಿಗೆ ಸುಮಾರು 0.65 ಡಿಗ್ರಿ ಕೆಎಚ್ ಖರ್ಚು. ನಿಮ್ಮ 3 ಡಿಗ್ರಿ ಐದನೇ ಡೋಸಿಗೇ ಮುಗಿದಿದೆ. ಆಮೇಲೆ ಪಿಎಚ್ ಬೀಳುತ್ತದೆ, ಬ್ಯಾಕ್ಟೀರಿಯಾ ಕೆಲಸ ನಿಲ್ಲಿಸುತ್ತವೆ.

ಅರ್ಧ ನೀರು ಬದಲಿಸಿ, ಕ್ಲೋರಿನ್ ತೆಗೆಯುವ ಔಷಧಿ ಮರೆಯಬೇಡಿ. ನಂತರ ಅಡುಗೆ ಸೋಡಾ: 100 ಲೀಟರಿಗೆ 3 ಗ್ರಾಂ ಹಾಕಿದರೆ ಕೆಎಚ್ 1 ಡಿಗ್ರಿ ಏರುತ್ತದೆ. ನಿಮಗೆ 12 ಗ್ರಾಂ, ಅಂದರೆ ಮಟ್ಟಸವಾಗಿ ಎರಡೂವರೆ ಟೀ ಚಮಚ. ಒಂದು ಮಗ್ ಟ್ಯಾಂಕ್ ನೀರಿನಲ್ಲಿ ಕರಗಿಸಿ ಫಿಲ್ಟರಿನ ಗುಳ್ಳೆ ಏಳುವಲ್ಲಿ ಸುರಿಯಿರಿ. ಬೇಕಿಂಗ್ ಪೌಡರ್ ಬೇಡವೇ ಬೇಡ, ಅದರಲ್ಲಿ ಆಮ್ಲದ ಪುಡಿಯೂ ಪಿಷ್ಟವೂ ಇರುತ್ತದೆ.

ಉತ್ತರ 2:
ಸೋಡಾ ಸರಿ, ಆದರೆ ಅರ್ಧ ನೀರು ಸಾಲದು, 80 ಲೀಟರ್ ತೆಗೆಯಿರಿ. 1 ಪಿಪಿಎಂ ಅಮೋನಿಯಾದಿಂದ 2.7 ಪಿಪಿಎಂ ನೈಟ್ರೈಟ್ ಬರುತ್ತದೆ. ಐದು ಡೋಸಿಗೆ 27. ಕಿಟ್ಟಿನ ಬಣ್ಣ 5ಕ್ಕೇ ಮುಗಿಯುವುದರಿಂದ ಅದು ನಿಮಗೆ ಕಾಣುತ್ತಿಲ್ಲ. 1 ಮಿಲಿ ಟ್ಯಾಂಕ್ ನೀರಿಗೆ 4 ಮಿಲಿ ಡಿಸ್ಟಿಲ್ಡ್ ವಾಟರ್ ಬೆರೆಸಿ ಟೆಸ್ಟ್ ಮಾಡಿ, ಬಂದದ್ದನ್ನು 5ರಿಂದ ಗುಣಿಸಿ. ನೈಟ್ರೇಟ್ ಟೆಸ್ಟನ್ನು ಸದ್ಯಕ್ಕೆ ನಂಬಬೇಡಿ, ನೈಟ್ರೈಟ್ ಇದ್ದಷ್ಟೂ ಅದು ಸುಳ್ಳೇ ಹೇಳುತ್ತದೆ.

ನೀರು ಚೆಲ್ಲಿದರೆ ಬ್ಯಾಕ್ಟೀರಿಯಾ ಹೋಗುತ್ತವೆ ಅನ್ನುವ ಭಯ ಬೇಡ. ಅವು ಅಂಟಿಕೊಂಡಿರುವುದು ಸ್ಪಾಂಜಿಗೆ, ಗಾಜಿಗೆ, ಮರಳಿಗೆ. ಸ್ಪಾಂಜನ್ನು ಮಾತ್ರ ಹಿಂಡಬೇಡಿ, ಒಣಗಲೂ ಬಿಡಬೇಡಿ.

ಪ್ರಶ್ನೆ ಕೇಳಿದವರು:
80 ಲೀಟರ್ ತೆಗೆದು 12 ಗ್ರಾಂ ಹಾಕಿದೆ. ಕೆಎಚ್ 6, ಪಿಎಚ್ 7.6. ಬೆರೆಸಿ ನೋಡಿದಾಗ ನೈಟ್ರೈಟ್ ಮೊದಲು 25, ಈಗ 5. ಮುಂದಿನ ಡೋಸ್ ಯಾವಾಗ?

ಉತ್ತರ 2:
ಲೆಕ್ಕ ಸರಿಯಾಗಿ ಕೂತಿದೆ. ನೈಟ್ರೈಟ್ 1ಕ್ಕಿಂತ ಕೆಳಗೆ ಬರುವವರೆಗೆ ಡೋಸ್ ಇಲ್ಲ. ಆಮೇಲೆ ದಿನ ಬಿಟ್ಟು ದಿನ 1 ಪಿಪಿಎಂ ಸಾಕು. 6 ಗ್ರಾಂ ಅಮೋನಿಯಂ ಕ್ಲೋರೈಡ್ ಕರಗಿಸಿ 100 ಮಿಲಿ ದ್ರಾವಣ ಮಾಡಿಟ್ಟುಕೊಂಡರೆ, ಅದರಲ್ಲಿ 5 ಮಿಲಿ ನಿಮ್ಮ ಟ್ಯಾಂಕಿಗೆ 1 ಪಿಪಿಎಂ ಆಗುತ್ತದೆ. ವಾರಕ್ಕೆರಡು ಸಲ ಕೆಎಚ್ ನೋಡಿ. 3ಕ್ಕೆ ಇಳಿದರೆ ಮತ್ತೆ 6 ಗ್ರಾಂ ಸೋಡಾ.

ಉತ್ತರ 1:
ಕೊನೇ ಪರೀಕ್ಷೆಗೆ ಮಾತ್ರ ಆ ದ್ರಾವಣ ಪೂರ್ತಿ 10 ಮಿಲಿ, ಅಂದರೆ 2 ಪಿಪಿಎಂ. 24 ಗಂಟೆಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಆದರೆ ಟ್ಯಾಂಕ್ ಸಿದ್ಧ. ಮೀನು ತರುವ ಹಿಂದಿನ ದಿನ ಮತ್ತೊಮ್ಮೆ 80 ಲೀಟರ್ ಬದಲಿಸಿ ನೈಟ್ರೇಟ್ 20ಕ್ಕಿಂತ ಕೆಳಗಿಳಿಸಿ. ಮೀನು ತರುವುದು ತಡವಾದರೆ ಅಲ್ಲಿಯವರೆಗೂ ಡೋಸ್ ನಿಲ್ಲಿಸಬೇಡಿ.