ಮಂಡಿ ಆಪರೇಷನ್‌ಗೆ ಸಿಮೆಂಟ್: ಮಾಡಿಸಿಕೊಂಡವರು ಸ್ವಲ್ಪ ಹೇಳುತ್ತೀರಾ?

ಅಮ್ಮನಿಗೆ 68 ವರ್ಷ. ಮುಂದಿನ ತಿಂಗಳು ಬಲಮಂಡಿ ಬದಲಾಯಿಸಿ ಕೃತಕ ಮಂಡಿ ಹಾಕುತ್ತಾರೆ. ಡಾಕ್ಟರು ‘ಸಿಮೆಂಟ್ ಹಾಕಿ ಕೂರಿಸ್ತೀವಿ’ ಅಂದಿದ್ದೇ ತಡ, ಅಮ್ಮನಿಗೆ ನಿದ್ದೆ ಇಲ್ಲ. ಗೋಡೆಗೆ ಹಾಕೋ ಸಿಮೆಂಟಾ, ನಡೆದರೆ ಬಿರುಕು ಬಿಡಲ್ವಾ ಅಂತ ಕೇಳುತ್ತಾರೆ. ಸಿಮೆಂಟ್ ಇಲ್ಲದ್ದೂ ಇದೆಯಂತೆ. ಯಾವುದು ವಾಸಿ?

*

ನನ್ನ ಎರಡೂ ಮಂಡಿಗೆ ಸಿಮೆಂಟೇ. ಎಡಕ್ಕೆ ಒಂಬತ್ತು ವರ್ಷ, ಬಲಕ್ಕೆ ಆರು. ಮಾರನೇ ದಿನವೇ ವಾಕರ್ ಕೊಟ್ಟು ನಿಲ್ಲಿಸಿದರು. ‘ಸಿಮೆಂಟ್ ಒಣಗಬೇಡ್ವಾ?’ ಅಂತ ನಾನು ಕಾಲೂರೋಕೇ ಹೆದರಿದೆ. ಫಿಸಿಯೋ ಹುಡುಗಿ ನಕ್ಕಳು, ‘ಥಿಯೇಟರಿಂದ ನಿಮ್ಮನ್ನ ಹೊರಗೆ ತರೋ ಮೊದಲೇ ಅದು ಕಲ್ಲಾಗಿತ್ತು, ಆಂಟಿ.’ ನೋವಿತ್ತು, ಸುಳ್ಳು ಹೇಳಲ್ಲ. ಆದರೆ ಅದು ಕೊಯ್ದ ಜಾಗದ್ದು, ಊತದ್ದು.

*

ನಾನು ಆಪರೇಷನ್ ಥಿಯೇಟರಿನಲ್ಲಿ ಕೆಲಸ ಮಾಡಿದವನು. ಸಿಮೆಂಟ್ ಅನ್ನೋದು ಹೆಸರಿಗಷ್ಟೇ. ಅದು ಅಕ್ರಿಲಿಕ್, ಪಿಎಂಎಂಎ ಅನ್ನುತ್ತಾರೆ. ಕಟ್ಟಿಸಿದ ಹಲ್ಲಿನ ಗುಲಾಬಿ ಭಾಗ ಇರುತ್ತಲ್ಲ, ಅದೇ ಜಾತಿ. ಪುಡಿಗೆ ದ್ರವ ಹಾಕಿ ಕಲಸಿದರೆ ಮೊದಲು ತೆಳ್ಳಗೆ, ಆಮೇಲೆ ನಾದಿದ ಹಿಟ್ಟಿನ ಹದ. ಕೈಗವಸಿಗೆ ಅಂಟುವುದು ನಿಂತಾಗ ಮೂಳೆಯ ಮೇಲೆ ಒತ್ತುತ್ತಾರೆ. ಕಲಸಿದ ಹತ್ತು-ಹದಿನೈದು ನಿಮಿಷಕ್ಕೆ ಬಿಸಿಯಾಗಿ ಗಟ್ಟಿ. ರೂಮು ಬೆಚ್ಚಗಿದ್ದರೆ ಇನ್ನೂ ಬೇಗ. ವಾಸನೆ ಮಾತ್ರ ಘಾಟು!

ಇದು ಗೋಂದಿನ ಹಾಗೆ ಅಂಟಿಸುವುದಿಲ್ಲ. ಮೂಳೆಯ ಸಣ್ಣ ತೂತುಗಳೊಳಗೆ ಹೊಕ್ಕು ಕಚ್ಚಿಕೊಳ್ಳುತ್ತದೆ. ಅದಕ್ಕೇ ಮೂಳೆಯನ್ನು ನೀರು ಚಿಮ್ಮಿಸಿ ತೊಳೆದು, ರಕ್ತ, ಕೊಬ್ಬು ತೆಗೆದು, ಒರೆಸುತ್ತಾರೆ. ಆಮೇಲೆ ಗಟ್ಟಿಯಾಗುವ ತನಕ ಕಾಲು ಅಲ್ಲಾಡಬಾರದು. ಅಷ್ಟು ಹೊತ್ತು ಎಂಥ ಮಾತುಗಾರ ಸರ್ಜನ್ನೂ ಗಡಿಯಾರ ನೋಡುತ್ತಾ ಸುಮ್ನೆ ನಿಂತಿರುತ್ತಾರೆ.

ಒಂದು ಕೇಳಿಕೊಳ್ಳಿ: ಸೋಂಕು ತಡೆಯಲು ಎಷ್ಟೋ ಸಿಮೆಂಟಿನಲ್ಲಿ ಜೆಂಟಾಮೈಸಿನ್‌ನಂಥ ಆಂಟಿಬಯೋಟಿಕ್ ಬೆರೆತಿರುತ್ತದೆ. ಅಮ್ಮನಿಗೆ ಯಾವುದಾದರೂ ಔಷಧಿ ಅಲರ್ಜಿ ಇದ್ದರೆ ಮೊದಲೇ ಹೇಳಿಬಿಡಿ.

*

ನನ್ನ ತಮ್ಮನಿಗೆ 52. ಅವನಿಗೆ ಸಿಮೆಂಟ್ ಇಲ್ಲದ್ದು ಹಾಕಿದರು. ಆ ಇಂಪ್ಲಾಂಟಿನ, ಅಂದರೆ ಕೃತಕ ಮಂಡಿಯ, ಮೈ ತರಿತರಿ. ಮೂಳೆಯೇ ಅದರೊಳಗೆ ಬೆಳೆದು ಹಿಡಿಯಬೇಕು, ಅದಕ್ಕೆ ತಿಂಗಳುಗಳು ಬೇಕು. ಅವನ ಮೂಳೆ ಗಟ್ಟಿ ಇತ್ತು, ನಡೀತು. ಮೂಳೆ ಟೊಳ್ಳಾದವರಿಗೆ ಸಿಮೆಂಟೇ ಭದ್ರ ಅಂತ ಅದೇ ಡಾಕ್ಟರು ಹೇಳಿದರು.

*

ಬರೀ ಒಳ್ಳೆಯದನ್ನೇ ಕೇಳಿದರೆ ಸಾಲದು ಅಂತ ಬರೆಯುತ್ತಿದ್ದೇನೆ. ನಮ್ಮ ಅತ್ತೆಗೆ ಸಿಮೆಂಟ್ ಹಾಕಿ ಕೂರಿಸಿದ ಮಂಡಿ ಎಂಟನೇ ವರ್ಷಕ್ಕೆ ಸಡಿಲ ಆಯಿತು. ಕುರ್ಚಿಯಿಂದ ಎದ್ದಾಗ ಮೊದಲ ನಾಲ್ಕು ಹೆಜ್ಜೆಗೆ ನೋವು, ಆಮೇಲೆ ಕಮ್ಮಿ. ವಯಸ್ಸಾಯ್ತಲ್ಲ ಅಂತ ನಾವು ಒಂದು ವರ್ಷ ತಳ್ಳಿದೆವು. ಅದು ನಮ್ಮದೇ ತಪ್ಪು. ಎಕ್ಸ್-ರೇಯಲ್ಲಿ ಸಿಮೆಂಟಿಗೂ ಮೂಳೆಗೂ ನಡುವೆ ಕಪ್ಪು ಗೆರೆ ಕಂಡಿತು. ಹಿಂದೆಯೂ ಇತ್ತಾ, ಈಗ ಬಂದಿದ್ದಾ? ಹೋಲಿಸಲು ಹಳೆಯ ಎಕ್ಸ್-ರೇ ನಮ್ಮ ಹತ್ತಿರ ಇರಲಿಲ್ಲ. ಮಂಡಿಯ ನೀರು ತೆಗೆದು ಸೋಂಕು ಇಲ್ಲ ಅಂತ ಖಚಿತ ಮಾಡಿಕೊಂಡೇ ಎರಡನೇ ಆಪರೇಷನ್ ಮಾಡಿದರು. ಅದು ಮೊದಲಿನದಕ್ಕಿಂತ ಜಾಸ್ತಿ ಕಷ್ಟ. ಮೊದಲ ಎಕ್ಸ್-ರೇ, ಇಂಪ್ಲಾಂಟ್ ಸ್ಟಿಕ್ಕರ್ ಅಂಟಿಸಿದ ಹಾಳೆ, ಎರಡನ್ನೂ ಕೇಳಿ ತೆಗೆದಿಟ್ಟುಕೊಳ್ಳಿ.

*

ಎಲ್ಲರಿಗೂ ಥ್ಯಾಂಕ್ಸ್. ಅಮ್ಮನಿಗೆ ಓದಿ ಹೇಳಿದೆ. ಹಲ್ಲಿನ ಸೆಟ್ಟಿನ ಮಾತಿಗೆ ಸಮಾಧಾನವಾಯಿತು, ‘ಅದನ್ನ ಹತ್ತು ವರ್ಷದಿಂದ ಬಾಯಲ್ಲೇ ಇಟ್ಕೊಂಡಿದೀನಲ್ಲ’ ಅಂದರು. ಹಿಂದೊಮ್ಮೆ ಯಾವುದೋ ಇಂಜೆಕ್ಷನ್‌ಗೆ ಅವರ ಮೈಯೆಲ್ಲ ದದ್ದು ಎದ್ದಿತ್ತು. ಆ ಚೀಟಿ ಹುಡುಕುತ್ತಿದ್ದೇನೆ.